ಲೈಬ್ರರಿಗೊಂದು ಆಟದ ಗಾಡಿ: ಪೆಟ್ಟಿಗೆಯಿಂದ ಕಂಟ್ರೋಲರ್‌ವರೆಗೆ ಕಟ್ಟಿದ ಬಗೆ

ಲೈಬ್ರರಿಯಲ್ಲಿ ಆಟ ಆಡಿಸುವುದು ಕಷ್ಟವಲ್ಲ. ಆಡಿದ ಮೇಲೆ ಪ್ರತಿ ಕಾಯಿಯೂ ತನ್ನ ಪೆಟ್ಟಿಗೆ ಸೇರಿ, ಮುಂದಿನ ಸಲ ಅದೇ ಪೆಟ್ಟಿಗೆ ತೆರೆದಾಗ ಏನೂ ಕಡಿಮೆಯಿಲ್ಲದಂತೆ ನೋಡಿಕೊಳ್ಳುವುದು ಕಷ್ಟ. ಉತ್ಸಾಹದಿಂದ ಶುರುವಾದ ಕಾರ್ಯಕ್ರಮ ಸೊರಗುವುದು ಸಾಮಾನ್ಯವಾಗಿ ಇಲ್ಲೇ. ಒಂದರಲ್ಲಿ ದಾಳವಿಲ್ಲ, ಇನ್ನೊಂದರಲ್ಲಿ ನಾಲ್ಕು ಕಾರ್ಡ್ ಕಡಿಮೆ, ವಿಡಿಯೊ ಗೇಮ್ ಕಂಟ್ರೋಲರ್‌ನ ಸ್ಟಿಕ್ (ಹೆಬ್ಬೆರಳಿನಿಂದ ಆಡಿಸುವ ಕಡ್ಡಿ) ಮುಟ್ಟದೆಯೇ ಎಡಕ್ಕೆ ಎಳೆಯುತ್ತದೆ. ಆದ್ದರಿಂದ ಈ ಲಾಗ್‌ನಲ್ಲಿ ಕಾರ್ಯಕ್ರಮದ ದಿನಕ್ಕಿಂತ ಅದರ ಹಿಂದುಮುಂದಿನ ಕೆಲಸಕ್ಕೇ ಹೆಚ್ಚು ಜಾಗ.

ಲೆಕ್ಕ ಹಾಕಿಕೊಂಡದ್ದು ಹೀಗೆ: 24 ಜನ, 2 ಗಂಟೆ, ತಲಾ 4 ಜನರ 5 ಮೇಜು, 4 ಜನ ಒಟ್ಟಿಗೆ ಆಡುವ 1 ಕನ್ಸೋಲ್ (ಟಿವಿಗೆ ಜೋಡಿಸುವ ವಿಡಿಯೊ ಗೇಮ್ ಯಂತ್ರ), ನಡೆಸಲು 3 ಜನ. ಬೋರ್ಡ್ ಗೇಮ್‌ಗಳಿಗೆ ಒಂದು ಕಪಾಟು, ವಿಡಿಯೊ ಗೇಮ್‌ಗೆ ಚಕ್ರದ ಒಂದು ಗಾಡಿ. ಮುಗಿದ ಮೇಲೆ ಎಲ್ಲವೂ 15 ನಿಮಿಷದಲ್ಲಿ ಎಣಿಕೆಯಾಗಿ ಒಳಗೆ ಹೋಗಬೇಕು. ಈ ಕೊನೆಯ ಷರತ್ತೇ ಉಳಿದ ಎಲ್ಲ ತೀರ್ಮಾನಗಳನ್ನೂ ಮಾಡಿಸಿತು.

ಆಟಗಳ ಆಯ್ಕೆ

2 ಗಂಟೆಯ ಕಾರ್ಯಕ್ರಮಕ್ಕೆ 15ರಿಂದ 45 ನಿಮಿಷದೊಳಗೆ ಮುಗಿಯುವ ಆಟ ಬೇಕು. ಕೋಡ್‌ನೇಮ್ಸ್, ಕಿಂಗ್‌ಡೊಮಿನೊ, ಹನಾಬಿ, ಅಜುಲ್, ಕಾರ್ಕಸೋನ್ ಈ ಮಿತಿಯೊಳಗೆ ಬರುತ್ತವೆ. ಟಿಕೆಟ್ ಟು ರೈಡ್ ಸ್ವಲ್ಪ ಉದ್ದವಾದರೂ ನಿಯಮ ಸರಳ, ಹಾಗಾಗಿ ನಿಲ್ಲುತ್ತದೆ. ಕ್ಯಾಟಾನ್ ಒಳ್ಳೆಯ ಆಟವೇ. ಆದರೆ ಹೊಸಬರ ಕೈಯಲ್ಲಿ ಒಂದೂವರೆ ಗಂಟೆ ದಾಟುತ್ತದೆ, ಮಧ್ಯದಲ್ಲಿ ಬಂದವರಿಗೆ ಕೂರಲು ಜಾಗ ಕೊಡುವುದಿಲ್ಲ. ಅದನ್ನು ಮನೆಗೆ ಎರವಲು ಕೊಡುವ ಸಂಗ್ರಹದಲ್ಲಿಡುವುದು ಮೇಲು.

ಆಡುತ್ತಾ ಆಡುತ್ತಾ ಹರಿಯುವ, ಬರೆಯುವ, ಸ್ಟಿಕರ್ ಅಂಟಿಸುವ ಆಟಗಳನ್ನು ಲೈಬ್ರರಿಗೆ ಕೊಳ್ಳಲೇಬಾರದು. ಲೆಗಸಿ ಮಾದರಿಯವು, ಒಮ್ಮೆ ಬಿಡಿಸಿದರೆ ಮುಗಿಯುವ ಎಸ್ಕೇಪ್ ರೂಮ್ ಪೆಟ್ಟಿಗೆಗಳು ಈ ಗುಂಪಿನವು. ಅಂಕ ಬರೆಯುವ ಹಾಳೆ ಇರುವ ಆಟವಾದರೆ 4 ಹಾಳೆ ಲ್ಯಾಮಿನೇಟ್ ಮಾಡಿಸಿ, ಒರೆಸಬಹುದಾದ ಪೆನ್ ಜೊತೆಗಿಟ್ಟರೆ ಸಾಕು. ಪದಗಳ ಆಟ ಆಡುವವರ ಭಾಷೆಯಲ್ಲೇ ಇರಬೇಕು. ಕೋಡ್‌ನೇಮ್ಸ್‌ನಲ್ಲಿ 5×5 ಚೌಕಕ್ಕೆ ಒಮ್ಮೆಗೆ 25 ಪದ ಬೇಕು. ಖಾಲಿ ಕಾರ್ಡ್‌ಗಳ ಮೇಲೆ 100 ನಾಮಪದ ಬರೆದುಕೊಂಡರೆ ಒಂದು ಪದವೂ ಮರುಕಳಿಸದೆ 4 ಆಟ ಆಗುತ್ತದೆ. ಒಂದೇ ಪದಕ್ಕೆ ಎರಡು ಮೂರು ಅರ್ಥವಿದ್ದಷ್ಟೂ ಆಟಕ್ಕೆ ರುಚಿ: ಕರ, ಎಲೆ, ಅಂಕ, ಕಾಲು.

3 ವರ್ಷದೊಳಗಿನ ಮಕ್ಕಳು ಬರುವ ಕೋಣೆಯಾದರೆ ಇನ್ನೊಂದು ಪರೀಕ್ಷೆ ಇದೆ. 31.7 ಮಿಮೀ ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯುವ ಕಾಯಿ ಉಸಿರುಗಟ್ಟಿಸಬಲ್ಲದು. ಅಂಥ ಆಟ ಎತ್ತರದ ಮೇಜಿನ ಮೇಲೆ ಮಾತ್ರ.

ಪೆಟ್ಟಿಗೆಯ ಒಳಗೆ

ಹೊಸ ಪೆಟ್ಟಿಗೆ ಒಡೆದ ಕೂಡಲೇ ಆಡಲು ಕೊಡಬೇಡಿ. ಮೊದಲು ಎಣಿಸಿ. ಪಟ್ಟಿಯನ್ನು ಅಂತರ್ಜಾಲದಿಂದ ತೆಗೆದುಕೊಳ್ಳದೆ ಕೈಯಲ್ಲಿರುವ ನಿಯಮ ಪುಸ್ತಿಕೆಯಿಂದಲೇ ತೆಗೆದುಕೊಳ್ಳಿ. ಆವೃತ್ತಿಯಿಂದ ಆವೃತ್ತಿಗೆ ಸಂಖ್ಯೆ ಬದಲಾಗುತ್ತದೆ. ಕಾರ್ಕಸೋನ್‌ನ ಮೂಲ ಬಿಲ್ಲೆಗಳು 72, ಆದರೆ ನದಿಯ ಬಿಲ್ಲೆಗಳನ್ನೂ ಸೇರಿಸಿ ಮಾರುವ ಆವೃತ್ತಿಗಳಿವೆ. ಕ್ಯಾಟಾನ್‌ನಲ್ಲಿ ಪ್ರತಿ ಬಣ್ಣಕ್ಕೆ 5 ಹಳ್ಳಿ, 4 ನಗರ, 15 ರಸ್ತೆ, ಅಂದರೆ 24 ಕಾಯಿ. ಸಂಪನ್ಮೂಲದ ಕಾರ್ಡ್ 95. ಟಿಕೆಟ್ ಟು ರೈಡ್‌ನಲ್ಲಿ ಪ್ರತಿ ಬಣ್ಣಕ್ಕೆ 45 ರೈಲು, ಜೊತೆಗೆ 3 ಹೆಚ್ಚುವರಿ. ಆ ಹೆಚ್ಚುವರಿ ರೈಲುಗಳನ್ನು ಮೊದಲ ದಿನವೇ ಪೆಟ್ಟಿಗೆಯಿಂದ ತೆಗೆದು ಬಿಡಿಭಾಗಗಳ ಖಾನೆಗೆ ಹಾಕಿಡಿ. ಪೆಟ್ಟಿಗೆಯಲ್ಲೇ ಬಿಟ್ಟರೆ ಕಳೆದದ್ದು ಗೊತ್ತಾಗುವುದೇ ಇಲ್ಲ, ಗೊತ್ತಾಗುವ ಹೊತ್ತಿಗೆ ಹೆಚ್ಚುವರಿಯೂ ಇರುವುದಿಲ್ಲ.

ಪ್ರತಿ ಬಣ್ಣಕ್ಕೂ ಒಂದೊಂದು ಜಿಪ್ ಕವರ್. 60 ಮೈಕ್ರಾನ್‌ಗಿಂತ ತೆಳುವಾದ ಕವರ್ ಬೇಗ ಹರಿಯುತ್ತದೆ, 100 ಮೈಕ್ರಾನ್ ಆದರೆ ಬಾಳುತ್ತದೆ. ಕವರ್‌ನ ಮೂಲೆಯಲ್ಲಿ ಪಂಚ್‌ನಿಂದ ಸಣ್ಣ ತೂತು ಮಾಡಿ. ಗಾಳಿ ತುಂಬಿ ಉಬ್ಬಿದ ಕವರ್ ಮುಚ್ಚಳವನ್ನು ಎತ್ತಿಹಿಡಿಯುತ್ತದೆ, ಎತ್ತಿದ ಮುಚ್ಚಳದ ಮೂಲೆಗಳೇ ಮೊದಲು ಸೀಳುವುದು. ಕವರ್ ಮೇಲೆ ಹೆಸರಿಗಿಂತ ಸಂಖ್ಯೆ ದೊಡ್ಡದಾಗಿರಲಿ: ‘ನೀಲಿ 45’.

ರಬ್ಬರ್ ಬ್ಯಾಂಡ್ ಬೇಡವೇ ಬೇಡ. ಕಾರ್ಡ್‌ಗಳ ಅಂಚನ್ನು ಕಚ್ಚುತ್ತದೆ, ಸೆಕೆಗೆ ಕರಗಿ ಅಂಟಿಕೊಳ್ಳುತ್ತದೆ. ಕಾರ್ಡ್‌ಗಳಿಗೆ ಕಾಗದದ ಪಟ್ಟಿಯ ಸುತ್ತು, ಪೆಟ್ಟಿಗೆಗೆ 20 ಮಿಮೀ ಅಗಲದ ಎಲಾಸ್ಟಿಕ್ ಪಟ್ಟಿ.

ಮುಚ್ಚಳದ ಒಳಬದಿಗೆ ಒಂದು ಚಿತ್ರ ಅಂಟಿಸಿ. ಎಲ್ಲ ಕಾಯಿಗಳನ್ನೂ ಬಿಳಿ ಹಾಳೆಯ ಮೇಲೆ ಜೋಡಿಸಿ ತೆಗೆದ ಫೋಟೊ, ಪಕ್ಕದಲ್ಲಿ ಸಂಖ್ಯೆ. ಓದಲು ಬಾರದ ಮಗುವೂ ಇದನ್ನು ನೋಡಿ ಕಾಯಿ ಜೋಡಿಸುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಖರ್ಚಿನದು ಇದು, ಉಪಯೋಗ ಮಾತ್ರ ಎಲ್ಲಕ್ಕಿಂತ ಹೆಚ್ಚು.

ಸ್ಲೀವ್, ಅಂದರೆ ಕಾರ್ಡ್‌ಗೆ ಹಾಕುವ ಪ್ಲಾಸ್ಟಿಕ್ ಕವಚ: ದಿನವೂ ಕಲಸುವ ಕಾರ್ಡ್‌ಗಳಿಗೆ ಬೇಕು, ಉಳಿದವಕ್ಕೆ ಬೇಡ. ಕೊಳ್ಳುವ ಮೊದಲು ಕಾರ್ಡ್ ಅಳೆಯಿರಿ. 63.5×88 ಮಿಮೀ ಸಾಮಾನ್ಯ ಅಳತೆ, 44×68 ಮಿಮೀ ಚಿಕ್ಕ ಯುರೋಪಿಯನ್ ಅಳತೆ, ಕ್ಯಾಟಾನ್‌ನ ಕಾರ್ಡ್ 54×80 ಮಿಮೀ. 100 ಮೈಕ್ರಾನ್ ಸ್ಲೀವ್ ಹಾಕಿದರೆ ಕಾರ್ಡ್‌ಗಳ ಕಟ್ಟು ಸುಮಾರು ಒಂದೂವರೆ ಪಟ್ಟು ದಪ್ಪವಾಗುತ್ತದೆ, ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂರುವುದಿಲ್ಲ. ಆಗ ತಟ್ಟೆಯನ್ನೇ ತೆಗೆದುಹಾಕಿ 5 ಮಿಮೀ ಫೋಮ್ ಬೋರ್ಡ್‌ನಿಂದ ಹೊಸ ಅಡ್ಡಗೋಡೆಗಳನ್ನು ಕತ್ತರಿಸಿ ಕೂರಿಸಬೇಕು.

ಒಂದು ಕಾರ್ಡ್ ಕಳೆದು ಅದರ ಬದಲಿಗೆ ಮುದ್ರಿಸಿದ ಕಾರ್ಡ್ ಹಾಕಿದಿರಿ ಎನ್ನಿ. ಬೆನ್ನಿನ ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ ಆಡುವವರಿಗೆ ಅದು ಯಾವ ಕಾರ್ಡ್ ಎಂದು ತಿಳಿದುಹೋಗುತ್ತದೆ. ಆದ್ದರಿಂದ ಒಂದೇ ಒಂದು ಬದಲಿ ಕಾರ್ಡ್ ಬಂದರೂ ಇಡೀ ಕಟ್ಟಿಗೆ ಹಿಂಬದಿ ಕಾಣದ ಸ್ಲೀವ್ ಹಾಕಬೇಕು.

ತೂಕದಿಂದ ಎಣಿಕೆ: ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ

ಪೂರ್ತಿ ಪೆಟ್ಟಿಗೆಯನ್ನು ತೂಗಿ ಸಂಖ್ಯೆ ಬರೆದಿಟ್ಟು, ಹಿಂತಿರುಗಿದಾಗ ಮತ್ತೆ ತೂಗಿ ನೋಡುವ ಪದ್ಧತಿ ಅನೇಕ ಕಡೆ ಇದೆ. ಉಪಾಯ ಚೆನ್ನಾಗಿದೆ, ಆದರೆ ಅದನ್ನು ಪೆಟ್ಟಿಗೆಗೆ ಅನ್ವಯಿಸುವುದು ತಪ್ಪು. ರಟ್ಟು ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಕಾಗದದ ತೂಕ ಶೇಕಡಾ ಒಂದೆರಡರಷ್ಟು ಏರಿಳಿಯಬಹುದು. 1,200 ಗ್ರಾಂ ಪೆಟ್ಟಿಗೆಯಲ್ಲಿ ಅದು 12ರಿಂದ 24 ಗ್ರಾಂ. ಐದಾರು ಕಾರ್ಡ್ ಕಳೆದರೂ ಆ ಏರಿಳಿತದೊಳಗೆ ಮುಳುಗಿಹೋಗುತ್ತದೆ.

ಆದ್ದರಿಂದ ಪೆಟ್ಟಿಗೆ ಬಿಟ್ಟು ಕವರ್‌ಗಳನ್ನು ತೂಗಿ. 0.1 ಗ್ರಾಂ ತೋರಿಸುವ ಸಣ್ಣ ತೂಕದ ಯಂತ್ರ ಬೇಕು. ಪ್ಲಾಸ್ಟಿಕ್ ಮತ್ತು ಮರದ ಕಾಯಿಗಳಿಗೆ ಮಾತ್ರ ಇದು. 10 ಕಾಯಿ ತೂಗಿ 10ರಿಂದ ಭಾಗಿಸಿ ಒಂದರ ತೂಕ ತಿಳಿಯಿರಿ. ಒಂದು ಕಾಯಿ 0.3 ಗ್ರಾಂಗಿಂತ ಹಗುರವಾಗಿದ್ದರೆ ಯಂತ್ರವನ್ನು ನಂಬದೆ ಕೈಯಿಂದ ಎಣಿಸಿ. ಕವರ್ ಸಮೇತದ ತೂಕವನ್ನು ಕವರ್ ಮೇಲೆಯೇ ಬರೆಯಿರಿ. ಕವರ್ ಬದಲಿಸಿದರೆ ಮತ್ತೆ ತೂಗಿ ಬರೆಯಬೇಕು, ಮರೆಯುವುದು ಇದನ್ನೇ. ಕಾರ್ಡ್‌ಗಳನ್ನು ಹತ್ತು ಹತ್ತರ ಗುಪ್ಪೆ ಮಾಡಿ ಎಣಿಸುವುದಕ್ಕಿಂತ ವೇಗದ ದಾರಿ ಇನ್ನೊಂದಿಲ್ಲ.

ಎರವಲು ಕೊಡುವುದಾದರೆ ಬಾರ್‌ಕೋಡ್ ಮುಚ್ಚಳಕ್ಕೂ ತಳಕ್ಕೂ ಎರಡೂ ಕಡೆ ಇರಲಿ. ಒಂದೇ ಆಟದ ಎರಡು ಪ್ರತಿ ಇದ್ದರೆ ಮುಚ್ಚಳಗಳು ಅದಲುಬದಲಾಗುತ್ತವೆ. ಕೋಹಾ ಎಂಬ ಲೈಬ್ರರಿ ತಂತ್ರಾಂಶ ಬಳಸುವ ಲೈಬ್ರರಿಗಳು ಪ್ರತಿಯ ದಾಖಲೆಯಲ್ಲಿ ‘ಒಳಗೊಂಡ ಸಾಮಗ್ರಿ’ಯ ಜಾಗದಲ್ಲಿ ಕವರ್‌ಗಳ ಸಂಖ್ಯೆ ಬರೆದಿಟ್ಟರೆ, ಕೊಡುವಾಗ ತೆಗೆದುಕೊಳ್ಳುವಾಗ ಆ ಸಾಲು ಪರದೆಯ ಮೇಲೆ ಬರುತ್ತದೆ. ಹಿಂತಿರುಗಿದ ಪೆಟ್ಟಿಗೆ ಎಣಿಕೆಯಾಗುವವರೆಗೆ ಕಪಾಟಿಗೆ ಹೋಗಬಾರದು. ಪುಸ್ತಕ ಹಾಕುವ ಕಿಂಡಿಯಲ್ಲಿ ಆಟದ ಪೆಟ್ಟಿಗೆ ಹಾಕಬಾರದೆಂದು ಮುಚ್ಚಳದ ಮೇಲೆಯೇ ಬರೆದಿರಬೇಕು. ಬಿದ್ದ ಪೆಟ್ಟಿಗೆ ಒಡೆದರೆ ಆ ಡಬ್ಬದ ತಳದಿಂದ ಕಾಯಿ ಹೆಕ್ಕುವ ಕೆಲಸ ಯಾರಿಗೂ ಬೇಡ.

ಸೀಳಿದ ಮೂಲೆ

ಪೆಟ್ಟಿಗೆಗೆ ಮೊದಲು ಬರುವ ರೋಗ ಇದು. ಪಾರದರ್ಶಕ ಸೆಲ್ಲೊ ಟೇಪ್ ಹಾಕಿದರೆ ಕಾಲ ಕಳೆದಂತೆ ಹಳದಿಯಾಗಿ, ಅಂಟು ಹೊರಗೆ ಒಸರಿ ಪಕ್ಕದ ಪೆಟ್ಟಿಗೆಗೂ ಹಿಡಿಯುತ್ತದೆ. ಪುಸ್ತಕ ರಿಪೇರಿಯ ಸಾಮಾನೇ ಇಲ್ಲಿಗೂ ಸಾಕು: ಆಮ್ಲರಹಿತ ಪಿವಿಎ ಅಂಟು (ಬಿಳಿ ಅಂಟು), 25 ಮಿಮೀ ಅಗಲದ ಬೈಂಡಿಂಗ್ ಬಟ್ಟೆಯ ಪಟ್ಟಿ, ಬೋನ್ ಫೋಲ್ಡರ್ (ಕಾಗದ ಮಡಿಸಿ ಉಜ್ಜುವ ಚಪ್ಪಟೆ ಉಪಕರಣ), ಮೇಣದ ಕಾಗದ, ಎರಡು ಕ್ಲಿಪ್.

ಗಮನಿಸಬೇಕಾದ್ದು ಒಂದೇ. ಮುಚ್ಚಳ ತಳದ ಮೇಲೆ ಜಾರಿ ಕೂರುತ್ತದೆ. ತಳದ ಹೊರಮೈಯೂ ಮುಚ್ಚಳದ ಒಳಮೈಯೂ ಉಜ್ಜುವ ಜಾಗ. ಅಲ್ಲಿ ಅರ್ಧ ಮಿಮೀ ಬಟ್ಟೆ ಸೇರಿದರೂ ಮುಚ್ಚಳ ಬಿಗಿಯಾಗುತ್ತದೆ, ಬಿಗಿಯಾದ ಮುಚ್ಚಳವನ್ನು ಎಳೆದಾಗ ಉಳಿದ ಮೂರು ಮೂಲೆಯೂ ಸೀಳುತ್ತವೆ. ಹಾಗಾಗಿ ತಳದ ಮೂಲೆಗೆ ಪಟ್ಟಿ ಒಳಗಿನಿಂದ, ಮುಚ್ಚಳದ ಮೂಲೆಗೆ ಹೊರಗಿನಿಂದ.

ಸೀಳಿದ ರಟ್ಟಿನ ಎರಡೂ ಅಂಚಿಗೆ ತೆಳುವಾಗಿ ಅಂಟು ಸವರಿ, ಅಂಚಿಗೆ ಅಂಚು ಸೇರಿಸಿ ಒತ್ತಿ. ಪಟ್ಟಿಯನ್ನು ಮೂಲೆಯ ಎತ್ತರಕ್ಕಿಂತ 10 ಮಿಮೀ ಉದ್ದ ಕತ್ತರಿಸಿ, ನಡುವೆ ಮಡಿಸಿ, ಅಂಟು ಹಚ್ಚಿ ಮೂಲೆಗೆ ಕೂರಿಸಿ, ಉಳಿದ 10 ಮಿಮೀಯನ್ನು ತಳದ ಕಡೆಗೆ ಮಡಚಿ. ಬೋನ್ ಫೋಲ್ಡರ್‌ನಿಂದ ಗಾಳಿ ಹೊರಡಿಸಿ. ಮೇಣದ ಕಾಗದ ಇಟ್ಟು ಕ್ಲಿಪ್ ಹಾಕಿ ಒಂದು ರಾತ್ರಿ ಬಿಡಿ. ಒಂದೆರಡು ಗಂಟೆಗೇ ಒಣಗಿದಂತೆ ಕಾಣುತ್ತದೆ, ಆದರೆ ಒಳಗಿನ್ನೂ ಹಸಿಯಿರುತ್ತದೆ. ಆಗ ಮುಚ್ಚಿದರೆ ಮುಚ್ಚಳ ಅಂಟಿಹೋಗುತ್ತದೆ. ಗಾಳಿ ಹಿಡಿದು ತೆರೆಯಲು ಬಾರದ ಮುಚ್ಚಳವಾದರೆ ಎದುರುಬದುರು ಎರಡು ಬದಿಯಲ್ಲಿ ಹೆಬ್ಬೆರಳಿನಷ್ಟು ಅರ್ಧಚಂದ್ರ ಕತ್ತರಿಸಿಬಿಡಿ. ನೋಡಲು ಸ್ವಲ್ಪ ಕುಂದು, ಬಾಳಿಕೆಗೆ ದೊಡ್ಡ ಲಾಭ.

ಕನ್ಸೋಲ್ ಗಾಡಿ

43 ಇಂಚಿನ ಟಿವಿ, ನಿಂಟೆಂಡೊ ಸ್ವಿಚ್ ಕನ್ಸೋಲ್, ಅದರ ಡಾಕ್ (ಕನ್ಸೋಲನ್ನು ಟಿವಿಗೆ ಜೋಡಿಸುವ ಪೀಠ), 4 ಕಂಟ್ರೋಲರ್. ಟಿವಿ ಹಿಂಬದಿಯ ತೂತುಗಳ ಅಂತರ ಅಳೆದು ವೇಸಾ (ಈ ತೂತುಗಳ ನಿಗದಿತ ಅಂತರ) ಅಳತೆಗೆ ಹೊಂದುವ ಗಾಡಿ ತನ್ನಿ. ತಿರುಪಿನ ದಪ್ಪ ಮತ್ತು ಆಳವನ್ನು ಟಿವಿಯ ಕೈಪಿಡಿ ನೋಡಿಯೇ ಕೊಳ್ಳಿ. ಉದ್ದ ಹೆಚ್ಚಾದ ತಿರುಪು ಒಳಗಿನ ಫಲಕಕ್ಕೆ ತಾಗುತ್ತದೆ. ಚಕ್ರ 100 ಮಿಮೀ ಇರಲಿ, 50 ಮಿಮೀ ಚಕ್ರ ಹೊಸ್ತಿಲಲ್ಲಿ ಸಿಕ್ಕಿಕೊಂಡು ಗಾಡಿ ಮುಂದಕ್ಕೆ ಬಾಗುತ್ತದೆ. ಕನಿಷ್ಠ ಎರಡಕ್ಕೆ ಬ್ರೇಕ್ ಬೇಕು. ಭಾರವಾದದ್ದೆಲ್ಲ ಕೆಳಗಿನ ಹಲಗೆಗೆ. ಕುಳಿತು ಆಡುವವರಿಗೆ ಪರದೆಯ ನಡುಬಿಂದು ನೆಲದಿಂದ 110ರಿಂದ 120 ಸೆಂಮೀ.

ಕೈಕೊಡುವ ಜಾಗಗಳು ಕೆಲವಿವೆ.

ಡಾಕ್‌ಗೆ ಫೋನಿನ ಚಾರ್ಜರ್ ಹಾಕಿದರೆ ಟಿವಿಯಲ್ಲಿ ಚಿತ್ರ ಬರುವುದಿಲ್ಲ. ಡಾಕ್‌ಗೆ 15 ವೋಲ್ಟ್, 2.6 ಆಂಪಿಯರ್ ಬೇಕು. 5 ವೋಲ್ಟ್ ಚಾರ್ಜರ್ ಕನ್ಸೋಲ್‌ಗೆ ಚಾರ್ಜ್ ಮಾತ್ರ ಕೊಡುತ್ತದೆ. ಮೂಲ ಅಡಾಪ್ಟರನ್ನು ಕೇಬಲ್ ಟೈನಿಂದ ಗಾಡಿಗೆ ಕಟ್ಟಿಹಾಕಿಬಿಡಿ.

ಟಿವಿಯ ಎಚ್‌ಡಿಎಂಐ ಕಿಂಡಿ ಸವೆದರೆ ಟಿವಿಯೇ ರಿಪೇರಿಗೆ ಹೋಗಬೇಕು. ಗಂಡು-ಹೆಣ್ಣು ತುದಿಯ ಒಂದು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲನ್ನು ಟಿವಿಗೆ ಶಾಶ್ವತವಾಗಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಗಾಡಿಯ ಬದಿಗೆ ಬಿಗಿಯಿರಿ. ದಿನವೂ ಸಿಕ್ಕಿಸಿ ಕೀಳುವುದು ಅಲ್ಲಿ. ಸವೆದರೆ ಕೇಬಲ್ ಬದಲಿಸಿದರೆ ಮುಗಿಯಿತು.

ಗುಂಡಿ ಒತ್ತಿದ ಮೇಲೆ ತಡವಾಗಿ ಜಿಗಿಯುತ್ತದೆ ಎಂಬ ದೂರು ಬಂದರೆ ಟಿವಿಯ ಗೇಮ್ ಮೋಡ್ (ಈ ತಡ ಕಡಿಮೆ ಮಾಡುವ ಸೆಟ್ಟಿಂಗ್) ನೋಡಿ. ಬಹುತೇಕ ಟಿವಿಗಳಲ್ಲಿ ಅದು ಪ್ರತಿ ಎಚ್‌ಡಿಎಂಐ ಕಿಂಡಿಗೂ ಬೇರೆ ಬೇರೆ. ಕೇಬಲನ್ನು ಬೇರೆ ಕಿಂಡಿಗೆ ಹಾಕಿದರೆ ಸೆಟ್ಟಿಂಗ್ ಹೋದಂತೆಯೇ. ಪ್ರೊಜೆಕ್ಟರ್‌ಗಳಲ್ಲಿ ಈ ತಡ ಇನ್ನೂ ಹೆಚ್ಚಿರುವುದುಂಟು.

ಡಾಕ್ ಅನ್ನು ಟಿವಿಯ ಬೆನ್ನಿಗೆ ಅಡಗಿಸಿದರೆ ಜಾಯ್‌ಕಾನ್ (ಸ್ವಿಚ್‌ನ ಚಿಕ್ಕ ಕಂಟ್ರೋಲರ್) ಸಂಪರ್ಕ ತಪ್ಪುತ್ತಿರುತ್ತದೆ. ಜಾಯ್‌ಕಾನ್ ಮಾತಾಡುವುದು 2.4 ಗಿಗಾಹರ್ಟ್ಸ್ ಬ್ಲೂಟೂತ್‌ನಲ್ಲಿ, ಲೋಹದ ತಗಡು ಅದನ್ನು ತಡೆಯುತ್ತದೆ. ಡಾಕ್ ಆಡುವವರಿಗೆ ಕಾಣುವಂತೆ ಮುಂದಿನ ಹಲಗೆಯಲ್ಲಿರಲಿ. ವೈಫೈ 5 ಗಿಗಾಹರ್ಟ್ಸ್‌ಗೆ ಬದಲಿಸಬಹುದಾದರೆ ಬದಲಿಸಿ.

ಎರಡು ಕನ್ಸೋಲ್ ಇದ್ದರೆ ಕಂಟ್ರೋಲರ್‌ಗಳಿಗೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ. ಜಾಯ್‌ಕಾನ್ ಯಾವ ಕನ್ಸೋಲ್‌ನ ಹಳಿಗೆ (ಅದನ್ನು ಜಾರಿಸಿ ಕೂರಿಸುವ ಬದಿಗೆ) ಸೇರಿತೋ ಅದಕ್ಕೇ ಜೋಡಿಯಾಗುತ್ತದೆ. ಅದಲುಬದಲಾದರೆ ಈ ಟಿವಿಯ ಮಗು ಗುಂಡಿ ಒತ್ತಿದಾಗ ಆ ಟಿವಿಯ ಆಟದಲ್ಲಿ ಕಾರು ಓಡುತ್ತದೆ.

ಜಾಯ್‌ಕಾನ್ ಪೂರ್ತಿ ಚಾರ್ಜ್ ಆಗಲು ಸುಮಾರು ಮೂರೂವರೆ ಗಂಟೆ, ಆಮೇಲೆ ಸುಮಾರು 20 ಗಂಟೆ ನಡೆಯುತ್ತದೆ. ಹಿಂದಿನ ದಿನವೇ ಹಚ್ಚಿಡಿ. ಆಟದ ಅಪ್‌ಡೇಟ್ ಕೂಡ ಹಿಂದಿನ ದಿನವೇ. ಕಾರ್ಯಕ್ರಮದ ಹೊತ್ತಿಗೆ ಗಿಗಾಬೈಟ್‌ಗಟ್ಟಲೆ ಇಳಿಸಲು ಕೂತರೆ, ಲಾಗಿನ್ ಪುಟ ಕೇಳುವ ಸಾರ್ವಜನಿಕ ವೈಫೈ ನಡುವೆಯೇ ಕಡಿದುಹೋಗುತ್ತದೆ.

ಖಾತೆ ಲೈಬ್ರರಿಯದೇ ಆಗಿರಲಿ, ಸಿಬ್ಬಂದಿಯ ಸ್ವಂತ ಖಾತೆ ಬೇಡ. ಹಣ ಪಾವತಿಯ ಕಾರ್ಡ್ ವಿವರ ಉಳಿಸಬೇಡಿ, ಪೋಷಕ ನಿಯಂತ್ರಣಕ್ಕೆ ಪಿನ್ ಹಾಕಿ. ಆಟಗಳು ಸಾಧ್ಯವಾದಷ್ಟೂ ಕಾರ್ಟ್ರಿಜ್‌ನಲ್ಲಿ (ಕನ್ಸೋಲ್‌ಗೆ ಸಿಕ್ಕಿಸುವ ಆಟದ ಚಿಪ್) ಇರಲಿ. ಡೌನ್‌ಲೋಡ್ ಮಾಡಿದ್ದು ಖಾತೆಗೆ ಅಂಟಿಕೊಂಡಿರುತ್ತದೆ. ಆದರೆ ಸೇವ್ ಕಡತ (ಆಟ ಎಲ್ಲಿಯವರೆಗೆ ಬಂದಿದೆ ಎಂಬ ದಾಖಲೆ) ಕಾರ್ಟ್ರಿಜ್‌ನಲ್ಲಿ ಇರುವುದಿಲ್ಲ, ಕನ್ಸೋಲ್‌ನ ಒಳಗಿರುತ್ತದೆ. ಯಾರಾದರೂ ಬಳಕೆದಾರರ ಪ್ರೊಫೈಲ್ ಅಳಿಸಿದರೆ ತೆರೆದಿಟ್ಟ ಪಾತ್ರಗಳೆಲ್ಲ ಹೋಗುತ್ತವೆ. ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್ 8 ಪಾತ್ರಗಳಿಂದ ಶುರುವಾಗಿ ಆಡಿದಂತೆ ಬೆಳೆಯುತ್ತದೆ, ಮೊದಲೇ ತೆರೆದಿಡಬೇಕು. ಮಾರಿಯೊ ಕಾರ್ಟ್ 8 ಡಿಲಕ್ಸ್‌ನಲ್ಲಿ ಬಹುತೇಕ ಎಲ್ಲ ಪಾತ್ರಗಳೂ ಮೊದಲಿನಿಂದಲೇ ಸಿಗುತ್ತವೆ, ಒಂದೇ ಪರದೆಯಲ್ಲಿ 4 ಜನ ಆಡಬಹುದು. ಶುರುವಿಗೆ ಅದೇ ಸರಿ.

ಸಾರ್ವಜನಿಕವಾಗಿ ಆಡಿಸಲು ಪ್ರಕಾಶಕರ ನಿಯಮ ಏನನ್ನುತ್ತದೆ ಎಂದು ಪ್ರತಿ ಆಟಕ್ಕೂ ಓದಿಕೊಳ್ಳಬೇಕು. ಪ್ರವೇಶಶುಲ್ಕ ಅಥವಾ ಪ್ರಾಯೋಜಕರು ಇದ್ದರಂತೂ ಖಂಡಿತ. ಮಿನುಗುವ ಬೆಳಕಿನಿಂದ ಕೆಲವರಿಗೆ ಮೂರ್ಛೆ ಬರಬಹುದು. ಬಾಗಿಲಲ್ಲೇ ಸೂಚನೆ ಹಾಕಿ, ಕೋಣೆಯ ದೀಪ ಆರಿಸಬೇಡಿ.

ಸರತಿಯ ಲೆಕ್ಕ

ಗೆದ್ದವರು ಉಳಿಯಲಿ, ಸೋತವರು ಏಳಲಿ ಎಂಬ ನಿಯಮ ಲೈಬ್ರರಿಗೆ ಹೊಂದದು. ಮನೆಯಲ್ಲಿ ಕನ್ಸೋಲ್ ಇರುವ ಇಬ್ಬರು ಮಕ್ಕಳು ಇಡೀ ಹೊತ್ತು ಕೂತಿರುತ್ತಾರೆ, ಮೊದಲ ಸಲ ಹಿಡಿದ ಮಗು ಎರಡು ನಿಮಿಷಕ್ಕೆ ಎದ್ದು ಹೋಗುತ್ತದೆ. ಯಾರಿಗಾಗಿ ಇದನ್ನು ಮಾಡುತ್ತಿದ್ದೇವೋ ಅವರೇ ಹೊರಗುಳಿಯುತ್ತಾರೆ. ಒಂದು ಸರದಿ ಅಂದರೆ 4 ಓಟ, ಸುಮಾರು 15 ನಿಮಿಷ. ಮುಗಿದ ಮೇಲೆ ನಾಲ್ವರೂ ಏಳಬೇಕು. 24 ಜನಕ್ಕೆ 6 ಸರದಿ, 90 ನಿಮಿಷ. ಎಲ್ಲರಿಗೂ ಒಂದು ಸಲ ಸಿಕ್ಕಿ, ಆರಂಭಕ್ಕೆ 15, ಎಣಿಕೆಗೆ 15 ನಿಮಿಷ ಉಳಿಯುತ್ತದೆ. ಕಾಯುವವರು ಆಡುವವರ ಬೆನ್ನ ಹಿಂದೆ ನಿಲ್ಲದೆ ಬೋರ್ಡ್ ಗೇಮ್ ಮೇಜುಗಳಲ್ಲಿ ಕೂತಿರುತ್ತಾರೆ. ಆ 5 ಮೇಜು ಇಲ್ಲದಿದ್ದರೆ ಒಂದು ಕನ್ಸೋಲ್ 24 ಮಕ್ಕಳನ್ನು ಹಿಡಿದಿಡಲಾರದು.

ಪಂದ್ಯಾವಳಿ ಬೇಕೆಂದರೆ ಮೊದಲು ಗುಣಾಕಾರ ಮಾಡಿ. 16 ಜನರ ಡಬಲ್ ಎಲಿಮಿನೇಷನ್‌ಗೆ (ಎರಡು ಸಲ ಸೋತವರು ಹೊರಗೆ) ಒಬ್ಬರ ವಿರುದ್ಧ ಒಬ್ಬರಂತೆ 30 ಅಥವಾ 31 ಪಂದ್ಯ. ಕೂತು ಏಳುವುದೂ ಸೇರಿ ತಲಾ 7 ನಿಮಿಷ ಹಿಡಿದರೂ ಒಂದೇ ಕನ್ಸೋಲ್‌ನಲ್ಲಿ ಮೂರೂವರೆ ಗಂಟೆ. ಅದೇ 16 ಜನರನ್ನು ನಾಲ್ವರ 4 ಗುಂಪು ಮಾಡಿ, ಪ್ರತಿ ಗುಂಪಿನಿಂದ ಮೊದಲ ಇಬ್ಬರನ್ನು ಮುಂದಕ್ಕೆ ಕಳಿಸಿದರೆ 2 ಗುಂಪು, ಆಮೇಲೆ 1 ಅಂತಿಮ. ಒಟ್ಟು 7 ಸರದಿ, 105 ನಿಮಿಷ.

ಬೋರ್ಡ್ ಗೇಮ್ ಕಲಿಸುವಾಗ ಮೊದಲು ಗೆಲ್ಲುವುದು ಹೇಗೆ, ಆಮೇಲೆ ಒಂದು ಪಾಳಿಯಲ್ಲಿ ಏನೇನು ಮಾಡಬಹುದು, ಆಮೇಲೆ ಆಟ ಯಾವಾಗ ಮುಗಿಯುತ್ತದೆ. ವಿನಾಯಿತಿಗಳನ್ನು ಅವು ಎದುರಾದಾಗ ಹೇಳಿದರಾಯಿತು. 5 ನಿಮಿಷ ದಾಟಿದ ವಿವರಣೆಯನ್ನು ಮಕ್ಕಳು ಕೇಳುವುದಿಲ್ಲ.

ಸ್ಟಿಕ್ ಜಾರುವ ಜಾಯ್‌ಕಾನ್

ಕಾರಣ: ಸ್ಟಿಕ್ ಕೆಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜುತ್ತಿರುತ್ತದೆ. ಉಜ್ಜಿ ಸವೆದ ಜಾಗದಲ್ಲಿ, ಧೂಳು ಸೇರಿದ ಜಾಗದಲ್ಲಿ ಓದುವಿಕೆ ತಪ್ಪಿ, ಕೈ ಬಿಟ್ಟರೂ ಪಾತ್ರ ನಡೆಯುತ್ತದೆ. ಸೆಟ್ಟಿಂಗ್‌ನಲ್ಲಿ ಕಂಟ್ರೋಲರ್ ವಿಭಾಗಕ್ಕೆ ಹೋಗಿ ಸ್ಟಿಕ್ ಕ್ಯಾಲಿಬ್ರೇಷನ್ (ಸ್ಟಿಕ್‌ನ ನಡುಬಿಂದು ಸರಿಪಡಿಸುವ ಪುಟ) ತೆರೆದು, ಮುಟ್ಟದೆ ನೋಡಿ. ಗುರುತು ನಡುವಿನಿಂದ ಸರಿದಿದ್ದರೆ ಮೊದಲು ಕಂಟ್ರೋಲರ್ ಅಪ್‌ಡೇಟ್, ಆಮೇಲೆ ಕ್ಯಾಲಿಬ್ರೇಷನ್. ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಸಂಪರ್ಕ ಶುಚಿಗೊಳಿಸುವ ದ್ರವ) ಹಾಕಿದರೆ ಕೆಲ ಕಾಲ ಸರಿಹೋಗುತ್ತದೆ, ಸವೆತ ಮಾತ್ರ ಹಾಗೇ ಇರುತ್ತದೆ. ವಾರಂಟಿ ಇದ್ದರೆ ತೆರೆಯದೆ ಸೇವೆಗೆ ಕಳಿಸಿ. ಇಲ್ಲದಿದ್ದರೆ ಸ್ಟಿಕ್ ಬದಲಿಸಬೇಕು. ಹಾಲ್ ಸೆನ್ಸರ್ ಇರುವ ಸ್ಟಿಕ್ ಆಯಸ್ಕಾಂತದಿಂದ ಓದುತ್ತದೆ, ಉಜ್ಜುವ ಪಟ್ಟಿಯೇ ಇಲ್ಲ; ಲೈಬ್ರರಿಯ ಬಳಕೆಗೆ ಅದೇ ತಕ್ಕದ್ದು.

ಬೇಕಾದದ್ದು: ಮೂರು ರೆಕ್ಕೆಯ ವೈ00 ಸ್ಕ್ರೂಡ್ರೈವರ್, ಫಿಲಿಪ್ಸ್ 000, ಪ್ಲಾಸ್ಟಿಕ್ ಸನಿಕೆ (ಸಂದಿಗೆ ತೂರಿಸಿ ಎತ್ತುವ ಚಪ್ಪಟೆ ಉಪಕರಣ), ಚಿಮಟ. ಬಿಳಿ ಹಾಳೆಯ ಮೇಲೆ ಜಾಯ್‌ಕಾನ್ ಚಿತ್ರ ಬರೆದು, ಬಿಚ್ಚಿದ ತಿರುಪನ್ನು ಅದೇ ಜಾಗದಲ್ಲಿ ಟೇಪಿನಿಂದ ಅಂಟಿಸುತ್ತಾ ಹೋಗಿ. ತಿರುಪುಗಳ ಉದ್ದ ಒಂದೇ ಅಲ್ಲ.

ಹಿಂಬದಿಯ 4 ತಿರುಪು ತೆಗೆದು, ಅಂಚಿನಲ್ಲಿ ಸನಿಕೆ ತೂರಿಸಿ ಸಡಿಲಿಸಿ. ಹಿಂಬದಿಯನ್ನು ನೇರವಾಗಿ ಎಳೆಯಬೇಡಿ. ಹಳಿ ಇರುವ ಬದಿಯ ಕಡೆಗೆ ಪುಸ್ತಕದಂತೆ ಬಿಡಿಸಿ. ಎರಡೂ ಭಾಗಗಳನ್ನು ತೆಳುವಾದ ರಿಬ್ಬನ್ ಕೇಬಲ್ ಜೋಡಿಸಿರುತ್ತದೆ, ಹರಿದರೆ ಹಳಿಯ ಬದಿಯ ಗುಂಡಿಗಳು ಸತ್ತಂತೆ. ಬ್ಯಾಟರಿ ಅಂಟಿನಲ್ಲಿ ಕೂತಿರುತ್ತದೆ, ಪ್ಲಾಸ್ಟಿಕ್ ಸನಿಕೆಯಿಂದ ಮಾತ್ರ ಎತ್ತಿ. ಲೋಹ ತಾಗಿಸಿ ಲಿಥಿಯಂ ಬ್ಯಾಟರಿ ಚುಚ್ಚಿದರೆ ಬೆಂಕಿ. ಅದರ ಕನೆಕ್ಟರನ್ನು ನೇರ ಮೇಲಕ್ಕೆ ಬಿಡಿಸಿ. ಒಳಚೌಕಟ್ಟಿನ ತಿರುಪುಗಳನ್ನು ತೆಗೆದು ಚೌಕಟ್ಟನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ, ಅದರ ಕೇಬಲ್‌ಗಳನ್ನು ಎಳೆಯಬೇಡಿ. ಸ್ಟಿಕ್‌ನ ರಿಬ್ಬನ್ ಹಿಡಿದಿರುವ ಪುಟ್ಟ ಬಾಗಿಲನ್ನು ಉಗುರಿನಿಂದ ಮೇಲಕ್ಕೆತ್ತಿ, ರಿಬ್ಬನ್ ಹೊರಗೆಳೆಯಿರಿ. ಬಾಗಿಲು ಮುರಿದರೆ ರಿಬ್ಬನ್ ನಿಲ್ಲುವುದಿಲ್ಲ, ಇಡೀ ಬೋರ್ಡ್ ಬದಲಿಸಬೇಕಾಗುತ್ತದೆ. ಸ್ಟಿಕ್‌ನ 2 ತಿರುಪು ತೆಗೆದು ಹೊಸದನ್ನು ಕೂರಿಸಿ. ರಿಬ್ಬನ್ ಓರೆಯಾಗದಂತೆ ತುದಿಮುಟ್ಟ ತೂರಿಸಿ ಬಾಗಿಲು ಮುಚ್ಚಿ.

ಪೂರ್ತಿ ತಿರುಪು ಬಿಗಿಯುವ ಮೊದಲೇ ಬ್ಯಾಟರಿ ಜೋಡಿಸಿ ಪರೀಕ್ಷಿಸಿ: ಸ್ಟಿಕ್ ನಾಲ್ಕೂ ದಿಕ್ಕು, ಸ್ಟಿಕ್ ಒತ್ತುವ ಗುಂಡಿ, ಹಳಿಯ ಎರಡು ಗುಂಡಿ. ಎಲ್ಲ ಸರಿಯಿದ್ದರೆ ಮುಚ್ಚಿ, ಮತ್ತೊಮ್ಮೆ ಕ್ಯಾಲಿಬ್ರೇಷನ್ ಮಾಡಿ. ಹೊಸ ಸ್ಟಿಕ್‌ಗೆ ಹಳೆಯ ಅಂಕಿಗಳು ಹೊಂದುವುದಿಲ್ಲ. ಕಂಟ್ರೋಲರ್‌ನ ಗುರುತಿನ ಟೇಪಿನ ಮೇಲೆ ಬದಲಿಸಿದ ದಿನಾಂಕ ಬರೆದು ಗಾಡಿಗೆ ಮರಳಿಸಿ.